ಹದಿನೆಂಟು ಬೈಟಿನ ಹೇರೂರು

ಬಿ.ಎ.ಯಲ್ಲಿ ಇತಿಹಾಸ ಓದಿದ ನಾನು ಬೆಂಗಳೂರಿನಲ್ಲಿ 12 ವಾರಗಳ ಕೋಡಿಂಗ್ ಶಾಲೆಯೊಂದಕ್ಕೆ ಸೇರಿದ್ದು ಕೆಲಸ ಬೇಕಿತ್ತೆಂದು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಏಳುವುದು ರಾತ್ರಿ ಎಂಟಕ್ಕೆ. ಇಂಥ ಶಾಲೆಗಳ ಪದ್ಧತಿ ತೀರಾ ಹಳೆಯದೇನಲ್ಲ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 2012ರಲ್ಲಿ ಶುರುವಾದ ಡೆವ್ ಬೂಟ್‌ಕ್ಯಾಂಪ್ ಮೊದಮೊದಲಿನವುಗಳಲ್ಲಿ ಒಂದು. ಅದು 2017ರ ಕೊನೆಗೆ ಬಾಗಿಲು ಹಾಕಿತು, ಪದ್ಧತಿ ಮಾತ್ರ ಉಳಿಯಿತು.

ಮೊದಲ ವಾರ ನಮ್ಮ ನಮ್ಮ ಊರಿನ ಬಗ್ಗೆ ಒಂದು ಪುಟ ಮಾಡಲು ಹೇಳಿದ್ದರು. ನಾನು ಸಿದ್ದಾಪುರ ತಾಲೂಕಿನವನು. ದೊಡ್ಡ ಅಕ್ಷರದಲ್ಲಿ 'ಹೇರೂರು' ಎಂದು ಬರೆದು ಬ್ರೌಸರಿನಲ್ಲಿ ತೆರೆದೆ. ತಲೆಯ ಮೇಲೆ ಗೀರಿರುವ ಇಂಗ್ಲಿಷಿನ ಎ, ಪಕ್ಕದಲ್ಲಿ ಪುಟ್ಟದೊಂದು 2, ಮತ್ತೆ ಅದೇ ಎ, ಪುಟ್ಟ 3. ಊರಿನ ಹೆಸರೇ ಇರಲಿಲ್ಲ. ಕಲಿಸುವವರು ಬಂದು ಪುಟದ ತಲೆಯಲ್ಲಿ 'ಚಾರ್‌ಸೆಟ್ ಯುಟಿಎಫ್-8' ಎಂಬ ಒಂದು ಸಾಲು ಸೇರಿಸಿದರು. ಊರು ಬಂತು. "ಯಾಕೆ ಹೀಗಾಯ್ತು ಸಾರ್?" ಎಂದೆ. "ಅದನ್ನು ಯಾವಾಗಲೂ ಹಾಕಬೇಕು, ಅಷ್ಟೇ" ಎಂದು ಮುಂದಿನ ಬೆಂಚಿಗೆ ಹೋದರು.

ಇತಿಹಾಸದ ವಿದ್ಯಾರ್ಥಿಗೆ 'ಅಷ್ಟೇ' ಎಂಬ ಉತ್ತರ ಸಾಲುವುದಿಲ್ಲ. ರಾತ್ರಿ ಕೂತು ಹುಡುಕಿದೆ.

ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಭಾರತದ್ದೇ ಆದ ಇಸ್ಕಿ ಸಂಕೇತ ಪದ್ಧತಿಯ ಕ್ರಮವನ್ನು ಅನುಸರಿಸಿ ಕನ್ನಡಕ್ಕೂ ಅದರಲ್ಲಿ 128 ಮನೆಗಳನ್ನು ಬಿಟ್ಟಿದ್ದರು. ಜಿನೀವಾ ಬಳಿಯ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ವೆಬ್ ಹೊರಜಗತ್ತಿಗೆ ತೆರೆದುಕೊಂಡದ್ದೂ ಅದೇ ವರ್ಷ. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ರೂಪಿಸಿದರು. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. 'ಹೇರೂರು' ನಮ್ಮ ಕಣ್ಣಿಗೆ 3 ಅಕ್ಷರ. ಗಣಕಕ್ಕೆ ಹ, ಏತ್ವ, ರ, ಊತ್ವ, ರ, ಉತ್ವ ಎಂದು 6 ಸಂಕೇತ, 18 ಬೈಟ್. ಆ ಒಂದು ಸಾಲು ಇಲ್ಲದಿದ್ದಾಗ ಬ್ರೌಸರ್ ಪ್ರತಿ ಬೈಟನ್ನೂ ಯುರೋಪಿನ ಒಂದೊಂದು ಅಕ್ಷರವೆಂದು ಓದಿತ್ತು.

ಸಂಖ್ಯೆ ಸಿಕ್ಕಿದ ಕೂಡಲೇ ಕನ್ನಡ ಪರದೆಗೆ ಬರಲಿಲ್ಲ. ಯುನಿಕೋಡ್ ಕನ್ನಡಕ್ಕೆ ತುಂಗಾ ಎಂಬ ಫಾಂಟು ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದದ್ದು 2001ರಲ್ಲಿ. ನಡುವಿನ ವರ್ಷಗಳಲ್ಲಿ ಕನ್ನಡಿಗರನ್ನು ನಡೆಸಿದ್ದು ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಆದರೆ ಆ ಕಾಲದ ಫಾಂಟುಗಳಲ್ಲಿ ಒಂದು ಉಪಾಯವಿತ್ತು. ಕಡತದೊಳಗೆ ಇಂಗ್ಲಿಷಿನ ಪಿ, ಅದರ ಹಿಂದೆ ಗೀರಿನ ಎ ಇದ್ದರೆ ಫಾಂಟು ಅದನ್ನು 'ಕ' ಎಂದು ಚಿತ್ರಿಸುತ್ತಿತ್ತು. ಫಾಂಟು ಇಲ್ಲವಾದರೆ ಕನ್ನಡವೂ ಇಲ್ಲ.

ಇಷ್ಟು ತಿಳಿದಾಗ ನನಗೆ ಅಜ್ಜನ ಪೆನ್‌ಡ್ರೈವ್ ನೆನಪಾಯಿತು. ತೋಟ, ಮನೆ, ಊರಿನ ನೆನಪುಗಳನ್ನು ಬರೆದು ಅಜ್ಜ 2002ರಲ್ಲಿ ಶಿರಸಿಯಲ್ಲಿ ಡಿಟಿಪಿ ಮಾಡಿಸಿದ್ದ. ಅಚ್ಚಾಗುವ ಮೊದಲೇ ತೀರಿಕೊಂಡ. ಕೈಬರಹವನ್ನು ಗೆದ್ದಲು ತಿಂದಿತು. ಉಳಿದ ಕಡತವನ್ನು ಆಯಿ ಒಮ್ಮೆ ನನ್ನ ಮುಂದೆ ಹಿಡಿದು, "ಮಾಣೀ, ಇದು ಓದಲೆ ಬತ್ತಿಲ್ಲೆ" ಎಂದಿದ್ದಳು. ಹಾಳಾಗಿದೆ ಎಂದು ನಾನೂ ನಂಬಿದ್ದೆ.

ಎಂಟನೆಯ ವಾರದ ಹೊತ್ತಿಗೆ ಜಾವಾಸ್ಕ್ರಿಪ್ಟ್ ಅಷ್ಟಿಷ್ಟು ಬಂದಿತ್ತು. ಹಳೆಯ ಫಾಂಟಿನ ಯಾವ ಗುರುತಿಗೆ ಯಾವ ಕನ್ನಡ ಸಂಕೇತ ಎಂದು ಪಟ್ಟಿ ಮಾಡಿ, ಒಂದೊಂದನ್ನೇ ಬದಲಿಸುವ ಸಣ್ಣ ಪ್ರೋಗ್ರಾಂ ಬರೆದೆ. ಇದಕ್ಕೆ ಸಿದ್ಧ ಸಾಧನಗಳು ಇವೆ, ಆದರೂ ನಾನೇ ಮಾಡಬೇಕೆನ್ನಿಸಿತು. ಬಹುಪಾಲು ಸರಿಯಾಯಿತು. 'ವರ್ಷ' ಮಾತ್ರ ಹೋದಲ್ಲೆಲ್ಲ 'ವಷರ್' ಆಗುತ್ತಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ನಾವು ಉಚ್ಚರಿಸುವಂತೆ ಮೊದಲು 'ರ್', ಆಮೇಲೆ 'ಷ'. ಬಾಲ್ಯದಲ್ಲಿ ಕಲಿತ ಕಾಗುಣಿತವನ್ನು ಮತ್ತೆ ಕಲಿತಂತಾಯಿತು. ಅದನ್ನು ತಿದ್ದಲು ಮೂರು ರಾತ್ರಿ ಹಿಡಿಯಿತು.

ಅಜ್ಜನ 41 ಪುಟವನ್ನು ಆಯಿಯ ಫೋನಿಗೆ ಕಳಿಸಿದೆ. ಅಡಿಕೆಗೆ ಕೊಳೆರೋಗ ಬಿದ್ದು ಫಸಲೆಲ್ಲ ಹೋದ ಒಂದು ವರ್ಷ ಸೊಸೆಯ ಬಳೆಯನ್ನು ಅಡವಿಟ್ಟು ಸಂಸಾರ ನಡೆಸಿದ್ದನ್ನೂ, ಅವಳು ಅದನ್ನು ಒಮ್ಮೆಯೂ ಎತ್ತಿ ಆಡದೇ ಇದ್ದುದನ್ನೂ ಅಜ್ಜ ಬರೆದಿದ್ದ. ಅದು ಮಾವನ ನೆನಪಿನಲ್ಲಿತ್ತೆಂದು ಆಯಿಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಈಗ ಓದಲೆ ಬತ್ತು" ಎಂದಳು.

ಹಳೆಯ ಕಡತ ಹಾಳಾಗಿದೆ ಎಂದು ಎಸೆಯುವ ಮೊದಲು ನಿಮ್ಮ ಮನೆಯಲ್ಲೂ ಒಮ್ಮೆ ತೆರೆದು ನೋಡಿ. ಅರ್ಥವಾಗದ ಇಂಗ್ಲಿಷಿನ ನಡುವೆ ಪೌಂಡ್ ಗುರುತು, ಗೀರಿನ ಎ ಕಂಡರೆ ಅದು ಬಹುಶಃ ಕನ್ನಡ. ಅದನ್ನು ಹೊರತೆಗೆಯಲು ಎಂಟು ವಾರ ಕಲಿತವನಿಗೂ ಸಾಧ್ಯ.