ವಾಹನ ಚಾಲನೆಯ ವೇಳೆ ಮೊಬೈಲ್ ದೂರವಾಣಿ ಬಳಕೆ: ಕಾನೂನು, ದಂಡ ಹಾಗೂ ಚಾಲನಾ ಅನುಜ್ಞಾಪತ್ರದ ಮೇಲಿನ ಕ್ರಮ

ಚಾಲನಾ ಅನುಜ್ಞಾಪತ್ರಕ್ಕಾಗಿ ಅರ್ಜಿ ಸಲ್ಲಿಸುವವರು, ಅದನ್ನು ನವೀಕರಿಸಿಕೊಳ್ಳುವವರು ಹಾಗೂ ವಾಹನಗಳ ಮಾಲೀಕರು ತಿಳಿದಿರಬೇಕಾದ ಕಾನೂನಿನ ಅಂಶಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ. ಚಾಲನೆಯ ವೇಳೆ ಮೊಬೈಲ್ ಬಳಸಿ ಸಿಕ್ಕಿಬಿದ್ದಲ್ಲಿ ದಂಡ ಕಟ್ಟಿದರೆ ವಿಷಯ ಮುಗಿಯಿತೆಂಬ ಭಾವನೆ ಸಾರ್ವಜನಿಕರಲ್ಲಿದೆ. ಇದು ಸರಿಯಲ್ಲ. ದಂಡ ಪಾವತಿಸಿದ ನಂತರವೂ ಅನುಜ್ಞಾಪತ್ರದ ಅಮಾನತು ಅಥವಾ ರದ್ದತಿಯ ಕ್ರಮ ಮುಂದುವರಿಯಲು ಕಾನೂನಿನಲ್ಲಿ ಅವಕಾಶವಿದೆ. ಅದೇ ಕಾನೂನು ಚಾಲಕರಿಗೆ ಅಹವಾಲು ಹೇಳಿಕೊಳ್ಳುವ ಹಾಗೂ ಮೇಲ್ಮನವಿ ಸಲ್ಲಿಸುವ ಹಕ್ಕನ್ನೂ ನೀಡಿದೆ.

1. ಕಾನೂನಿನ ಹಿನ್ನೆಲೆ

ಮೋಟಾರು ವಾಹನಗಳ ಅಧಿನಿಯಮವು 1988ರಲ್ಲಿ ರಚಿತವಾಯಿತು. ಭಾರತದಲ್ಲಿ ಮೊಬೈಲ್ ದೂರವಾಣಿ ಸೇವೆ ಆರಂಭವಾದದ್ದು 1995ರಲ್ಲಿ. ಆದ್ದರಿಂದ ಮೂಲ ಅಧಿನಿಯಮದಲ್ಲಿ ಮೊಬೈಲ್ ಬಳಕೆಯ ಪ್ರಸ್ತಾಪವಿರಲಿಲ್ಲ. ಅಪಾಯಕಾರಿ ಚಾಲನೆಗೆ ಸಂಬಂಧಿಸಿದ ಸಾಮಾನ್ಯ ಉಪಬಂಧಗಳ ಅಡಿಯಲ್ಲಿಯೇ ಕ್ರಮ ಕೈಗೊಳ್ಳಲಾಗುತ್ತಿತ್ತು.

ಸ್ಪಷ್ಟ ನಿಷೇಧವಿಲ್ಲದಿದ್ದರೆ ಉಂಟಾಗುವ ತೊಡಕು 2018ರಲ್ಲಿ ನೆರೆಯ ಕೇರಳದ ಪ್ರಕರಣವೊಂದರಲ್ಲಿ ಕಂಡುಬಂದಿತು. ಚಾಲಕನು ಮೊಬೈಲ್‌ನಲ್ಲಿ ಮಾತನಾಡಿದ ಮಾತ್ರಕ್ಕೆ, ಸಾರ್ವಜನಿಕರಿಗೆ ಅಪಾಯ ಉಂಟುಮಾಡಿದ ಹೊರತು, ಆ ರಾಜ್ಯದ ಪೊಲೀಸ್ ಅಧಿನಿಯಮದಡಿ ಅಪರಾಧವಾಗದು ಎಂದು ಕೇರಳ ಉಚ್ಚ ನ್ಯಾಯಾಲಯ ಆಗ ತೀರ್ಪು ನೀಡಿತು. ಮರುವರ್ಷ, ಮೋಟಾರು ವಾಹನಗಳ (ತಿದ್ದುಪಡಿ) ಅಧಿನಿಯಮ, 2019ರ ಮೂಲಕ, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನಗಳ ಬಳಕೆಯನ್ನು ಕಲಂ 184ರಲ್ಲಿ ಅಪಾಯಕಾರಿ ಚಾಲನೆಯ ಒಂದು ವಿಧವೆಂದು ಹೆಸರಿಸಿ ಸೇರಿಸಲಾಯಿತು. ಕೆಂಪು ದೀಪ ದಾಟುವುದು ಹಾಗೂ ಏಕಮುಖ ಸಂಚಾರದಲ್ಲಿ ಎದುರು ದಿಕ್ಕಿನಿಂದ ಬರುವುದು ಸಹ ಇದೇ ಪಟ್ಟಿಯಲ್ಲಿವೆ. ಈ ತಿದ್ದುಪಡಿಯು 01-09-2019ರಿಂದ ಜಾರಿಯಲ್ಲಿದೆ.

2. ನಿಷೇಧದ ವ್ಯಾಪ್ತಿ

ಅಧಿನಿಯಮದಲ್ಲಿ ಬಳಸಿರುವ ಪದ 'ಬಳಕೆ' ಎಂಬುದಾಗಿದ್ದು, ಅದು ಸಂಭಾಷಣೆಗೆ ಸೀಮಿತವಲ್ಲ. ಸಂದೇಶ ಓದುವುದು, ಬರೆಯುವುದು, ಚಿತ್ರ ತೆಗೆಯುವುದು, ದೃಶ್ಯ ವೀಕ್ಷಿಸುವುದು ಮುಂತಾದವೂ ಬಳಕೆಯೇ ಆಗಿವೆ. ಸಂಚಾರ ದೀಪದ ಬಳಿ ವಾಹನ ನಿಂತಿರುವ ಅವಧಿಗೆ ಪ್ರತ್ಯೇಕ ವಿನಾಯಿತಿಯನ್ನು ಅಧಿನಿಯಮದಲ್ಲಿ ನೀಡಿಲ್ಲ.

01-10-2020ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನಗಳ ನಿಯಮಗಳ ತಿದ್ದುಪಡಿಯಂತೆ, ಚಾಲನೆಯ ವೇಳೆ ಇಂತಹ ಸಾಧನವನ್ನು ಮಾರ್ಗ ತಿಳಿಯುವ ಉದ್ದೇಶಕ್ಕೆ ಮಾತ್ರ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ಬಳಸಬಹುದು. ಹೊರಡುವ ಮುನ್ನವೇ ಸ್ಥಳವನ್ನು ನಮೂದಿಸಿ, ಸಾಧನವನ್ನು ಹಿಡಿಕೆಯಲ್ಲಿ ಭದ್ರವಾಗಿ ಅಳವಡಿಸುವುದು ಸೂಕ್ತ.

ದ್ವಿಚಕ್ರ ವಾಹನ ಸವಾರರು ಮೊಬೈಲನ್ನು ಹೆಲ್ಮೆಟ್‌ನೊಳಗೆ ಸಿಕ್ಕಿಸಿಕೊಂಡು ಮಾತನಾಡುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಕೈಯಲ್ಲಿ ಹಿಡಿದಿಲ್ಲವೆಂಬ ಕಾರಣಕ್ಕೆ ಇದು ಸಂಪೂರ್ಣ ಸುರಕ್ಷಿತ ಮಾರ್ಗವೆಂದು ಭಾವಿಸಬಾರದು. ಅನುಜ್ಞಾಪತ್ರ ಹೊಂದಿರುವವರನ್ನು ಅನರ್ಹಗೊಳಿಸಬಹುದಾದ ಕೃತ್ಯಗಳನ್ನು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 21ರಲ್ಲಿ ಪಟ್ಟಿ ಮಾಡಲಾಗಿದೆ. ಅದರಲ್ಲಿ 'ವಾಹನ ಚಲಾಯಿಸುತ್ತಿರುವಾಗ ಮೊಬೈಲ್ ದೂರವಾಣಿಯ ಬಳಕೆ' ಎಂದಷ್ಟೇ ಇದ್ದು, ಕೈಯಲ್ಲಿ ಹಿಡಿದಿರಬೇಕೆಂಬ ಷರತ್ತು ಇಲ್ಲ.

3. ನಿಷೇಧದ ಕಾರಣ

ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಲಿಸುವ ವಾಹನವು ಪ್ರತಿ ಸೆಕೆಂಡಿಗೆ ಸುಮಾರು 16.7 ಮೀಟರ್ ಮುಂದೆ ಸಾಗುತ್ತದೆ. ಬಂದ ಸಂದೇಶದ ಮೇಲೆ 3 ಸೆಕೆಂಡು ಕಣ್ಣು ಹಾಯಿಸಿದರೆ, ಅಷ್ಟರಲ್ಲಿ ವಾಹನವು 50 ಮೀಟರ್ ದೂರವನ್ನು ಚಾಲಕನ ದೃಷ್ಟಿಯಿಲ್ಲದೆಯೇ ಕ್ರಮಿಸಿರುತ್ತದೆ. ಮೊಬೈಲ್ ಬಳಸುವ ಚಾಲಕರು ಅಪಘಾತಕ್ಕೀಡಾಗುವ ಸಂಭವ, ಬಳಸದವರಿಗಿಂತ ಸುಮಾರು 4 ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಕೈಯಲ್ಲಿ ಹಿಡಿಯದೆ ಮಾತನಾಡುವ ಸಾಧನಗಳು ಅಷ್ಟೇನೂ ಹೆಚ್ಚು ಸುರಕ್ಷಿತವಲ್ಲವೆಂದೂ ಅದೇ ಸಂಸ್ಥೆ ಹೇಳಿದೆ. ಮಾತಿನಲ್ಲಿ ತೊಡಗಿದ ಮನಸ್ಸು ರಸ್ತೆಯಿಂದ ದೂರವಾಗುವುದೇ ಇದಕ್ಕೆ ಕಾರಣ. 2022ರಲ್ಲಿ ದೇಶದಲ್ಲಿ ಎಲ್ಲ ಕಾರಣಗಳೂ ಸೇರಿ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮೃತಪಟ್ಟಿದ್ದಾರೆ.

4. ಶಿಕ್ಷೆಯ ಪ್ರಮಾಣ

ಕಲಂ 184ರ ಅಡಿಯಲ್ಲಿ ವಿಧಿಸಬಹುದಾದ ಶಿಕ್ಷೆ ಈ ಕೆಳಕಂಡಂತಿದೆ:

(ಅ) ಮೊದಲ ಅಪರಾಧಕ್ಕೆ: 6 ತಿಂಗಳಿಗೆ ಕಡಿಮೆಯಿಲ್ಲದ, 1 ವರ್ಷದವರೆಗಿನ ಕಾರಾವಾಸ, ಅಥವಾ ರೂ. 1,000ಕ್ಕೆ ಕಡಿಮೆಯಿಲ್ಲದ, ರೂ. 5,000ದವರೆಗಿನ ದಂಡ, ಅಥವಾ ಎರಡೂ.

(ಆ) 3 ವರ್ಷಗಳೊಳಗೆ ಅದೇ ಬಗೆಯ ಅಪರಾಧ ಮರುಕಳಿಸಿದಲ್ಲಿ: 2 ವರ್ಷಗಳವರೆಗಿನ ಕಾರಾವಾಸ, ಅಥವಾ ರೂ. 10,000 ದಂಡ, ಅಥವಾ ಎರಡೂ.

(ಇ) ಅಧಿನಿಯಮವನ್ನು ಜಾರಿಗೊಳಿಸುವ ಅಧಿಕಾರವುಳ್ಳ ಪ್ರಾಧಿಕಾರದವರೇ ಅಪರಾಧವೆಸಗಿದಲ್ಲಿ: ಕಲಂ 210-ಬಿ ಪ್ರಕಾರ ದುಪ್ಪಟ್ಟು ದಂಡ.

ಮೊಬೈಲ್ ಬಳಕೆಯಿಂದ ಅಪಘಾತ ಸಂಭವಿಸಿದಲ್ಲಿ, 01-07-2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಅನ್ವಯವಾಗುತ್ತದೆ. ನಿರ್ಲಕ್ಷ್ಯದಿಂದ ಮರಣ ಉಂಟುಮಾಡಿದ ಪ್ರಕರಣಗಳಲ್ಲಿ ಅದರ ಕಲಂ 106(1)ರಂತೆ 5 ವರ್ಷಗಳವರೆಗೆ ಕಾರಾವಾಸ ವಿಧಿಸಬಹುದಾಗಿದೆ.

5. ಸ್ಥಳದಲ್ಲಿ ದಂಡ ಪಾವತಿ ಹಾಗೂ ಅದರ ಮಿತಿ

ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿರುವ ಕೃತ್ಯಗಳ ಪೈಕಿ, ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಮಾತ್ರ ಕಲಂ 200ರ ಅಡಿಯಲ್ಲಿ ರಾಜಿ ಮಾಡಿಕೊಳ್ಳಲು ಅವಕಾಶವಿದೆ. ಅಂದರೆ, ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ನಿಗದಿಪಡಿಸಿದ ಮೊತ್ತವನ್ನು ಅಧಿಕೃತ ಅಧಿಕಾರಿಗೆ ಪಾವತಿಸಿ ನ್ಯಾಯಾಲಯದ ವಿಚಾರಣೆಯಿಂದ ಬಿಡುಗಡೆ ಹೊಂದಬಹುದು.

ಆದರೆ ಇದೇ ಕಲಂನಲ್ಲಿ ಎರಡು ಮಿತಿಗಳನ್ನು ವಿಧಿಸಲಾಗಿದೆ. ಮೊದಲನೆಯದಾಗಿ, ಹೀಗೆ ರಾಜಿಯಾದ ಅಪರಾಧವನ್ನೂ ಮುಂದಿನ ಬಾರಿ 'ಹಿಂದಿನ ಅಪರಾಧ'ವೆಂದೇ ಲೆಕ್ಕ ಹಾಕಲಾಗುತ್ತದೆ. ಎರಡನೆಯದಾಗಿ, ದಂಡ ಪಾವತಿಯಿಂದ ಅನುಜ್ಞಾಪತ್ರದ ಮೇಲಿನ ಕ್ರಮಕ್ಕೆ ತಡೆಯಾಗುವುದಿಲ್ಲ. 2023 ಮತ್ತು 2025ರಲ್ಲಿ ಕರ್ನಾಟಕ ಸರ್ಕಾರವು ಬಾಕಿ ಸಂಚಾರ ದಂಡದ ಮೇಲೆ ಶೇ. 50ರ ರಿಯಾಯಿತಿ ನೀಡಿತ್ತು. ಅವು ನಿಗದಿತ ಅವಧಿಯ ಆದೇಶಗಳಾಗಿದ್ದು, ಅಂತಹ ರಿಯಾಯಿತಿ ಮತ್ತೆ ಬರುವುದೆಂದು ಪಾವತಿಯನ್ನು ಮುಂದೂಡುವುದು ಸರಿಯಲ್ಲ.

6. ಅನುಜ್ಞಾಪತ್ರದ ಮೇಲಿನ ಕ್ರಮ

ಕಲಂ 206(4)ರಂತೆ, ಕಲಂ 184ರ ಅಪರಾಧ ನಡೆದಿದೆಯೆಂದು ನಂಬಲು ಕಾರಣವಿದ್ದಲ್ಲಿ ಪೊಲೀಸ್ ಅಧಿಕಾರಿಯು ಚಾಲನಾ ಅನುಜ್ಞಾಪತ್ರವನ್ನು ವಶಪಡಿಸಿಕೊಂಡು ಪರವಾನಗಿ ಪ್ರಾಧಿಕಾರಕ್ಕೆ ಕಳುಹಿಸಬೇಕು. ಚಾಲಕರಿಗೆ ತಾತ್ಕಾಲಿಕ ಸ್ವೀಕೃತಿ ಪತ್ರ ನೀಡಬೇಕು. ಅನುಜ್ಞಾಪತ್ರ ಮರಳಿ ದೊರೆಯುವವರೆಗೆ ಆ ಸ್ವೀಕೃತಿ ಪತ್ರದ ಆಧಾರದ ಮೇಲೆ ವಾಹನ ಚಲಾಯಿಸುವಂತಿಲ್ಲ ಎಂಬುದನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕು.

2015ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ರಸ್ತೆ ಸುರಕ್ಷತಾ ಸಮಿತಿಯು, ಮೊಬೈಲ್ ಬಳಕೆಯೂ ಸೇರಿದಂತೆ ಕೆಲವು ಅಪರಾಧಗಳಲ್ಲಿ ಅನುಜ್ಞಾಪತ್ರವನ್ನು ಕನಿಷ್ಠ 3 ತಿಂಗಳು ಅಮಾನತುಗೊಳಿಸುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿದೆ.

ಅಮಾನತಿನ ಅವಧಿಯಲ್ಲಿ ವಾಹನ ಚಲಾಯಿಸಿದರೆ ಕಲಂ 182ರಂತೆ 3 ತಿಂಗಳವರೆಗಿನ ಕಾರಾವಾಸ, ಅಥವಾ ರೂ. 10,000 ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆ ಅವಧಿಯಲ್ಲಿ ಅಪಘಾತ ಸಂಭವಿಸಿದರೆ, ಚಾಲಕ ಅನರ್ಹನಾಗಿದ್ದನೆಂಬ ಆಧಾರದ ಮೇಲೆ ವಿಮಾ ಸಂಸ್ಥೆಯು ತನ್ನ ಹೊಣೆಯನ್ನು ಪ್ರಶ್ನಿಸಬಹುದಾಗಿದ್ದು, ಪರಿಹಾರದ ಭಾರ ಮಾಲೀಕರ ಮೇಲೆ ಬೀಳುವ ಸಂಭವವಿದೆ. ಬಾಡಿಗೆ ಕಾರು, ಆಟೋ ಅಥವಾ ಲಾರಿ ಚಾಲನೆಯಿಂದಲೇ ಜೀವನ ಸಾಗಿಸುವವರಿಗೆ 3 ತಿಂಗಳ ಅಮಾನತು ಎಂದರೆ 3 ತಿಂಗಳ ದುಡಿಮೆಯ ನಷ್ಟ.

7. ಚಾಲಕರ ಹಕ್ಕುಗಳು

(ಅ) ಕಲಂ 19ರ ಪ್ರಕಾರ, ಅನರ್ಹಗೊಳಿಸುವ ಅಥವಾ ರದ್ದುಪಡಿಸುವ ಮುನ್ನ ಪರವಾನಗಿ ಪ್ರಾಧಿಕಾರವು ಅನುಜ್ಞಾಪತ್ರದಾರರಿಗೆ ಅಹವಾಲು ಸಲ್ಲಿಸಲು ಅವಕಾಶ ನೀಡತಕ್ಕದ್ದು. ನೋಟೀಸು ಬಂದಲ್ಲಿ ನಿಗದಿತ ದಿನಾಂಕದಂದು ತಪ್ಪದೆ ಹಾಜರಾಗಬೇಕು.

(ಆ) ಆದೇಶಕ್ಕೆ ಕಾರಣಗಳನ್ನು ಲಿಖಿತವಾಗಿ ದಾಖಲಿಸತಕ್ಕದ್ದು.

(ಇ) ಆದೇಶ ತಲುಪಿದ 30 ದಿನಗಳೊಳಗೆ ನಿಗದಿತ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

(ಈ) ಆರೋಪವನ್ನು ಒಪ್ಪದವರು ರಾಜಿ ಮೊತ್ತ ಪಾವತಿಸದೆ, ಪ್ರಕರಣವನ್ನು ವ್ಯಾಪ್ತಿಯ ನ್ಯಾಯಾಲಯದಲ್ಲಿ ಎದುರಿಸಬಹುದು. ಇಂತಹವರು ಛಾಯಾಚಿತ್ರ, ಸಮಯ ಹಾಗೂ ಸ್ಥಳದ ವಿವರಗಳನ್ನು ಪಡೆದು ಇಟ್ಟುಕೊಳ್ಳುವುದು ಸೂಕ್ತ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪೊಲೀಸರು ತಡೆಯದೇ ಇದ್ದರೂ ನೋಟೀಸು ಬರಬಹುದೇ?
ಉತ್ತರ: ಬರಬಹುದು. 2021ರಲ್ಲಿ ಸೇರಿಸಲಾದ ನಿಯಮ 167-ಎ ಪ್ರಕಾರ, ಅನುಮೋದಿತ ಕ್ಯಾಮೆರಾ ಮುಂತಾದ ವಿದ್ಯುನ್ಮಾನ ಸಾಧನಗಳ ದಾಖಲೆಯ ಆಧಾರದ ಮೇಲೆಯೂ ಚಲನ್ ನೀಡಲು ಅವಕಾಶವಿದೆ.

ಪ್ರಶ್ನೆ: ಮಾಲೀಕರು ವಾಹನ ಚಲಾಯಿಸದೇ ಇದ್ದಲ್ಲಿ ಏನು ಮಾಡಬೇಕು?
ಉತ್ತರ: ಕಲಂ 133ರಂತೆ, ಅಧಿಕಾರಿಗಳು ಕೇಳಿದಾಗ ಆ ವೇಳೆ ವಾಹನ ಚಲಾಯಿಸುತ್ತಿದ್ದವರ ಹೆಸರು, ವಿಳಾಸ ಹಾಗೂ ಅನುಜ್ಞಾಪತ್ರದ ಬಗ್ಗೆ ತಮಗೆ ತಿಳಿದ ಮಾಹಿತಿಯನ್ನು ಮಾಲೀಕರು ನೀಡಬೇಕು. ವಿಳಾಸ ಮತ್ತು ಮೊಬೈಲ್ ಸಂಖ್ಯೆ ಬದಲಾಗಿದ್ದಲ್ಲಿ ನೋಂದಣಿ ದಾಖಲೆಯಲ್ಲಿ ತಿದ್ದುಪಡಿ ಮಾಡಿಸಿಕೊಳ್ಳಬೇಕು. ಇಲ್ಲವಾದಲ್ಲಿ ನೋಟೀಸು ಹಳೆಯ ವಿಳಾಸಕ್ಕೆ ಹೋಗಿ, ಉತ್ತರಿಸುವ ಅವಕಾಶ ಕೈತಪ್ಪಬಹುದು.

ಪ್ರಶ್ನೆ: ಮೊಬೈಲ್‌ನಲ್ಲಿರುವ ಅನುಜ್ಞಾಪತ್ರವನ್ನು ತಪಾಸಣೆಯ ವೇಳೆ ತೋರಿಸಬಹುದೇ?
ಉತ್ತರ: ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ತೋರಿಸುವ ದಾಖಲೆಗಳು ಮಾನ್ಯವಾಗಿವೆ. ವಾಹನವನ್ನು ಪೂರ್ಣವಾಗಿ ನಿಲ್ಲಿಸಿದ ನಂತರವೇ ಮೊಬೈಲ್ ಹೊರತೆಗೆಯಬೇಕು.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಲನ್‌ಗೆ ಹಣ ಪಾವತಿಸಬಹುದೇ?
ಉತ್ತರ: ಸಂದೇಶದಲ್ಲಿನ ಕೊಂಡಿ ಅಥವಾ ಕಡತವನ್ನು ತೆರೆಯಬಾರದು. ಚಲನ್ ಹೆಸರಿನಲ್ಲಿ ವಂಚನೆಯ ಆ್ಯಪ್‌ಗಳನ್ನು ಕಳುಹಿಸಿ ಬ್ಯಾಂಕ್ ಖಾತೆಯಿಂದ ಹಣ ದೋಚಿದ ಪ್ರಕರಣಗಳು ನಡೆದಿವೆ. ಅಧಿಕೃತ ಜಾಲತಾಣದಲ್ಲಿ ವಾಹನದ ನೋಂದಣಿ ಸಂಖ್ಯೆಯನ್ನು ನಮೂದಿಸಿ, ಚಲನ್ ಇರುವುದನ್ನು ಖಚಿತಪಡಿಸಿಕೊಂಡ ನಂತರವೇ ಪಾವತಿಸಬೇಕು. ಅಥವಾ ಹತ್ತಿರದ ಸಂಚಾರ ಪೊಲೀಸ್ ಠಾಣೆಯಲ್ಲಿ ವಿಚಾರಿಸಬೇಕು.

9. ಸೂಚನೆಗಳು

- ತುರ್ತು ಕರೆ ಬಂದಲ್ಲಿ, ವಾಹನವನ್ನು ರಸ್ತೆಯ ಎಡಬದಿಯ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿದ ನಂತರ ಮಾತನಾಡುವುದು.
- ಕರೆ ಮಾಡಿದ ವ್ಯಕ್ತಿ ವಾಹನ ಚಲಾಯಿಸುತ್ತಿರುವರೆಂದು ತಿಳಿದಲ್ಲಿ, ಸಂಭಾಷಣೆಯನ್ನು ಅಲ್ಲಿಗೇ ನಿಲ್ಲಿಸುವುದು.
- ಹಳೆಯ ವಾಹನ ಖರೀದಿಸುವ ಮುನ್ನ ಬಾಕಿ ಚಲನ್‌ಗಳಿವೆಯೇ ಎಂದು ಪರಿಶೀಲಿಸಿಕೊಳ್ಳುವುದು.
- ದಂಡ ಪಾವತಿಯ ರಸೀದಿ ಹಾಗೂ ಅನುಜ್ಞಾಪತ್ರದ ಸ್ವೀಕೃತಿ ಪತ್ರವನ್ನು ಪ್ರಕರಣ ಮುಕ್ತಾಯವಾಗುವವರೆಗೆ ಕಾಯ್ದಿರಿಸಿಕೊಳ್ಳುವುದು.

ಈ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಸಂಕ್ಷಿಪ್ತವಾಗಿ ನೀಡಲಾಗಿದ್ದು, ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ, ನಿಯಮಗಳು ಹಾಗೂ ಅಧಿಸೂಚನೆಗಳ ಮೂಲಪಾಠವೇ ಅಂತಿಮವಾಗಿರುತ್ತದೆ.