ಒಂದೇ ನದಿಯನ್ನು ನೆಚ್ಚಿದ ಉಗಾಂಡಾದ ವಿದ್ಯುತ್

ಪೂರ್ವ ಆಫ್ರಿಕಾದ ಉಗಾಂಡಾ ದೇಶಕ್ಕೆ ಬೇಕಾದ ವಿದ್ಯುತ್ತಿನ ಬಹುಪಾಲು ಒಂದೇ ನದಿಯಿಂದ ದೊರೆಯುತ್ತದೆ. ವಿಕ್ಟೋರಿಯಾ ಸರೋವರದಿಂದ ಜಿಂಜಾ ಪಟ್ಟಣದ ಬಳಿ ಹೊರಡುವ ಬಿಳಿ ನೈಲ್ ನದಿಯ ಮೇಲೆ ಒಂದರ ಕೆಳಗೊಂದರಂತೆ ನಿರ್ಮಿಸಿರುವ ಸ್ಥಾವರಗಳೇ ಇದಕ್ಕೆ ಆಧಾರ.

ಓವೆನ್ ಜಲಪಾತದ ಅಣೆಕಟ್ಟೆ

ಬ್ರಿಟಿಷರ ಆಳ್ವಿಕೆಯಲ್ಲಿ ಕಟ್ಟಲಾದ ಓವೆನ್ ಫಾಲ್ಸ್ ಅಣೆಕಟ್ಟೆಯನ್ನು 1954ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಉದ್ಘಾಟಿಸಿದರು. ಇಂದು ನಲುಬಾಲೆ ಎಂದು ಕರೆಯಲಾಗುವ ಈ ಸ್ಥಾವರದ ಸಾಮರ್ಥ್ಯ 180 ಮೆಗಾವಾಟ್. ನೈಲ್ ನೀರನ್ನೇ ನಂಬಿದ ಈಜಿಪ್ಟ್ ಕೂಡ ಇದರ ನಿರ್ಮಾಣ ಒಪ್ಪಂದದಲ್ಲಿ ಪಾಲುದಾರನಾಗಿತ್ತು. ಅಣೆಕಟ್ಟೆ ಇಲ್ಲದಿದ್ದರೆ ಸರೋವರದಿಂದ ಸಹಜವಾಗಿ ಎಷ್ಟು ನೀರು ಹರಿಯುತ್ತಿತ್ತೋ ಅಷ್ಟನ್ನೇ ಬಿಡಬೇಕೆಂಬುದು ಅಂದಿನಿಂದ ಬಂದ ನಿಯಮ. 2000ದಲ್ಲಿ ಪಕ್ಕದಲ್ಲಿಯೇ ಕಿಯಿರಾ ಸ್ಥಾವರ ಆರಂಭಗೊಂಡು, ಮುಂದೆ ಅದರ ಸಾಮರ್ಥ್ಯ 200 ಮೆಗಾವಾಟ್‌ಗೆ ಏರಿತು. ಆದರೆ ಎರಡೂ ಸ್ಥಾವರಗಳು ಹಂಚಿಕೊಳ್ಳಬೇಕಾದುದು ಅದೇ ನೀರನ್ನು.

ಕತ್ತಲೆಯ ದಿನಗಳು

2004ರಿಂದ 2006ರ ಅವಧಿಯಲ್ಲಿ ಮಳೆ ಕೊರತೆಯ ಜತೆಗೆ ನಿಯಮ ಮೀರಿ ನೀರು ಬಿಟ್ಟದ್ದರಿಂದ ಸರೋವರದ ಮಟ್ಟ ತೀವ್ರವಾಗಿ ಕುಸಿಯಿತು. ಉತ್ಪಾದನೆ ಇಳಿದು ರಾಜಧಾನಿ ಕಂಪಾಲಾದಲ್ಲಿ ದೀರ್ಘ ಲೋಡ್ ಶೆಡ್ಡಿಂಗ್ ಜಾರಿಯಾಯಿತು. ಸರ್ಕಾರ ದುಬಾರಿ ಡೀಸೆಲ್ ಸ್ಥಾವರಗಳ ಮೊರೆ ಹೋಯಿತು. ಅದರ ಹೊರೆ ಗ್ರಾಹಕರ ಬಿಲ್ಲಿನ ಮೇಲೆ ಬಿತ್ತು. ಸರೋವರದ ದಡದ ಮೀನುಗಾರರ ದೋಣಿಗಳೂ ಕೆಸರಿನಲ್ಲಿ ಸಿಲುಕಿದವು.

ಹೊಸ ಸ್ಥಾವರಗಳು

ಪರಿಹಾರಕ್ಕಾಗಿ ನದಿಯ ಕೆಳಭಾಗದತ್ತ ಗಮನ ಹರಿಯಿತು. ಮೇಲಿನ ಸ್ಥಾವರ ಬಳಸಿದ ನೀರನ್ನೇ ಕೆಳಗಿನದು ಮತ್ತೆ ಬಳಸುವುದರಿಂದ ಸರೋವರದಿಂದ ಹೆಚ್ಚುವರಿ ನೀರು ಬೇಕಾಗುವುದಿಲ್ಲ. 2012ರಲ್ಲಿ 250 ಮೆಗಾವಾಟ್‌ನ ಬುಜಗಾಲಿ, 2019ರಲ್ಲಿ 183 ಮೆಗಾವಾಟ್‌ನ ಇಸಿಂಬಾ, 2024ರಲ್ಲಿ 600 ಮೆಗಾವಾಟ್‌ನ ಕರುಮಾ ಲೋಕಾರ್ಪಣೆಗೊಂಡವು. ಕರುಮಾದ ವಿದ್ಯುದಾಗಾರ ನೆಲದಡಿಯಲ್ಲಿದ್ದು, ಚೀನಾದ ಸಾಲದ ನೆರವಿನಿಂದ ನಿರ್ಮಾಣಗೊಂಡಿದೆ. ಬುಸೋಗ ಜನರು ಪವಿತ್ರವೆಂದು ನಂಬಿದ್ದ ಬುಜಗಾಲಿ ಜಲಪಾತ ಮಾತ್ರ ಮುಳುಗಡೆಯಾಯಿತು.

ಈ ಐದು ಸ್ಥಾವರಗಳ ಒಟ್ಟು ಸಾಮರ್ಥ್ಯ 1,413 ಮೆಗಾವಾಟ್. ಆದರೂ ಸರೋವರದ ಹಂಗು ತಪ್ಪಿಲ್ಲ. 2020ರಲ್ಲಿ ಪರಿಸ್ಥಿತಿ ತಿರುವುಮುರುವಾಗಿ ನೀರಿನ ಮಟ್ಟ ವಿಪರೀತ ಏರಿತು. ಅದೇ ವರ್ಷ ಏಪ್ರಿಲ್‌ನಲ್ಲಿ ತೇಲಿಬಂದ ಜಲಸಸ್ಯಗಳ ದ್ವೀಪವೊಂದು ನಲುಬಾಲೆ ಸ್ಥಾವರಕ್ಕೆ ಅಡ್ಡಿಯಾಗಿ ಇಡೀ ದೇಶದಲ್ಲಿ ವಿದ್ಯುತ್ ಕಡಿತಗೊಂಡಿತು.

ಉತ್ಪಾದನೆಗಿಂತ ದೊಡ್ಡ ಸವಾಲು ವಿತರಣೆಯದು. ಹಳ್ಳಿಗಳ ಬಹುತೇಕ ಮನೆಗಳಿಗೆ ವಿದ್ಯುತ್ ಜಾಲದ ತಂತಿ ಇನ್ನೂ ತಲುಪಿಲ್ಲ. ನೈಲ್ ತೀರದ ಊರುಗಳಲ್ಲಿಯೂ ಅಡುಗೆಗೆ ಸೌದೆ, ಇದ್ದಿಲೇ ಗತಿಯಾಗಿವೆ.