ಸ್ತೋತ್ರ, ಅಯ್ಯನವರೇ!

ದೇವರ ಕೋಣೆಯಲ್ಲಿ ಸ್ತೋತ್ರವೆಂದರೆ ಓದುವಂಥದ್ದು. ವಿಷ್ಣು ಸಹಸ್ರನಾಮ ಸ್ತೋತ್ರ, ಶಿವತಾಂಡವ ಸ್ತೋತ್ರ ಎಂದಾಗ ಅದಕ್ಕೊಂದು ಪಾಠವಿದೆ, ತಪ್ಪಿಲ್ಲದೆ ಹೇಳಬೇಕೆಂಬ ಕಟ್ಟಳೆಯಿದೆ. ಅದೇ ಪದ ರಾಜಕಾರಣದ ಪಡಸಾಲೆಗೆ ಬಂದರೆ ಮಾನ ಕಳೆದುಕೊಳ್ಳುತ್ತದೆ. ನಾಯಕರ ಸ್ತೋತ್ರ ಮಾಡುವವರೆಂದರೆ ಹೊಗಳುಭಟರೆಂದೇ ಲೆಕ್ಕ.

ಕನ್ನಡದ ಪ್ರೊಟೆಸ್ಟಂಟ್ ಸಭೆಗಳಲ್ಲಿ ಇದಕ್ಕೆ ಬೇರೆಯದೇ ಬಾಳು. ಭಾನುವಾರದ ಆರಾಧನೆ ಮುಗಿದು ಬಾಗಿಲಲ್ಲಿ ನಿಂತ ಸಭಾಪಾಲಕರಿಗೆ ಕೈಮುಗಿದು "ಸ್ತೋತ್ರ, ಅಯ್ಯನವರೇ" ಅಂದರೆ ಅದು ನಮಸ್ಕಾರ. ಪ್ರಾರ್ಥನೆಯ ನಡುವೆ ಹಿಂದಿನ ಬೆಂಚಿನಿಂದ ಕೇಳಿದರೆ ಹೂಂಗುಟ್ಟುವಿಕೆ. "ಹೇಗಿದ್ದೀರಮ್ಮ?" ಅಂದಾಗ "ಸ್ತೋತ್ರ, ದೇವರು ನಡೆಸ್ತಾ ಇದಾರಪ್ಪ" ಎಂಬ ಉತ್ತರ ಬಂದರೆ, ಮಂಡಿನೋವು ಇನ್ನೂ ಇದೆ, ಆದರೂ ದೂರಿಲ್ಲ ಎಂದರ್ಥ. ತಮಿಳು, ಮಲಯಾಳದ ವಿಶ್ವಾಸಿಗಳ ಬಾಯಲ್ಲೂ ಇದೇ ಪದ ಓಡಾಡುತ್ತದೆ.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಅನುವಾದ ಹಲವು ಸಲ ತಿದ್ದುಪಡಿಯಾಗಿದೆ. ಸಭೆಗಳಲ್ಲಿ ಬಹುಕಾಲದಿಂದ ಓದುತ್ತ ಬಂದಿರುವ ಕನ್ನಡ ಬೈಬಲಿನಲ್ಲಿ, ಕಡೆಯ ಭೋಜನದ ದಿನ ಯೇಸು ರೊಟ್ಟಿ ಮುರಿಯುವ ಮುನ್ನ ಮಾಡುವುದು ಸ್ತೋತ್ರವನ್ನೇ. ಅಲ್ಲಿ ಗ್ರೀಕ್ ಮೂಲ ಹೇಳುವುದು ಕೃತಜ್ಞತೆಯ ಮಾತು. ಹಾಗೆ ಹೊಗಳಿಕೆಯ ಪದಕ್ಕೆ ಉಪಕಾರಸ್ಮರಣೆಯ ಕೆಲಸವೂ ಅಂಟಿಕೊಂಡಿತು.

ಆ ಕೆಲಸ ಎದ್ದು ಕಾಣುವುದು ಸ್ತೋತ್ರ ಕಾಣಿಕೆಯಲ್ಲಿ. ಎಷ್ಟೋ ಚರ್ಚುಗಳಲ್ಲಿ ಇದಕ್ಕೆಂದೇ ಅಚ್ಚು ಮಾಡಿಸಿದ ಪುಟ್ಟ ಕವರು ಇರುತ್ತದೆ: ಹೆಸರು, ಮೊತ್ತ, ಕಾರಣ. ಕಾರಣದ ಸಾಲೇ ಸೊಗಸು. ಮಗಳು ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ಬೋರ್‌ವೆಲ್ಲಿನಲ್ಲಿ ನೀರು ಬಂದದ್ದಕ್ಕೆ, ಬೈಕಿನಿಂದ ಬಿದ್ದರೂ ತಲೆ ಉಳಿದದ್ದಕ್ಕೆ. ಅಯ್ಯನವರು ಒಂದೊಂದನ್ನೇ ಓದುತ್ತಾರೆ. ಒಬ್ಬರ ಮನೆಯ ಸುದ್ದಿ ಸಭೆಯ ಸುದ್ದಿಯಾಗುತ್ತದೆ. ಆಪರೇಷನ್ ಆಗಿತ್ತೆಂದು ಗೊತ್ತೇ ಇಲ್ಲದವರು ಹೊರಗೆ ಬಂದು "ಈಗ ಹೇಗಿದೆ?" ಎಂದು ವಿಚಾರಿಸುತ್ತಾರೆ.

ದಿನದ ಕನ್ನಡದಲ್ಲಿ ಧನ್ಯವಾದ ವೇದಿಕೆ ಬಿಟ್ಟು ಇಳಿಯುವುದು ಕಡಿಮೆ. ಕೆಳಗೆ ಓಡಾಡುವುದು ಥ್ಯಾಂಕ್ಸ್. ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದರೆ ವ್ಯವಹಾರ ಮುಗಿಯಿತು; ಸ್ತೋತ್ರ ಡಾಕ್ಟರನ್ನೂ ದಾಟಿ ಆಚೆ ಹೋಗುತ್ತದೆ. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಇದನ್ನು ಇನ್ನೂ ಜಾಣ್ಮೆಯಿಂದ ನಿಭಾಯಿಸುತ್ತಾರೆ. "ದೇವ್ ಬರೆಂ ಕರುಂ", ಅಂದರೆ ದೇವರು ಒಳ್ಳೇದು ಮಾಡಲಿ. ಉಪಕಾರ ಮಾಡಿದವರಿಗೂ ಮಾತು ಸಂದಿತು, ಋಣ ತೀರಿಸುವ ಹೊಣೆ ದೇವರ ಮೇಲೂ ಬಿತ್ತು!

ಹೆಚ್ಚು ಬಳಸಿದ್ದು ಸವೆಯುತ್ತದೆ. ಪ್ರಾರ್ಥನೆಯಲ್ಲಿ ಮುಂದಿನ ಮಾತು ಹೊಳೆಯದಾಗ "ಸ್ತೋತ್ರ, ಸ್ತೋತ್ರ" ಎಂದು ತೂಗಿಸುವವರಿದ್ದಾರೆ. ಫೋನಿನಲ್ಲಿ ಹಲೋ ಬದಲು ಇದನ್ನೇ ಹೇಳಿ, ಮರುಕ್ಷಣ ಚೀಟಿ ದುಡ್ಡಿಗೆ ಜಗಳ ತೆಗೆಯುವವರೂ ಇದ್ದಾರೆ. ನಗರದ ಹುಡುಗರಿಗಂತೂ "ಪ್ರೈಸ್ ದ ಲಾರ್ಡ್" ಹತ್ತಿರವಾಗಿದೆ.

ಆದರೂ ಒಂದು ಕಡೆ ಈ ಪದಕ್ಕೆ ಬದಲಿ ಸಿಕ್ಕಿಲ್ಲ. ತಾಯಿ ತೀರಿಕೊಂಡು ವರ್ಷವಾದಾಗ ಮಕ್ಕಳು ಕಾಣಿಕೆ ಕೊಡುತ್ತಾರೆ. ಕಾರಣದ ಸಾಲಿನಲ್ಲಿ "ಅಮ್ಮನ ಜೀವಿತಕ್ಕಾಗಿ" ಎಂದಿರುತ್ತದೆ. ಅಲ್ಲಿ ಥ್ಯಾಂಕ್ಸ್ ಹಗುರ, ಧನ್ಯವಾದ ಒಣ. ಹೋದಳೆಂಬ ಸಂಕಟವನ್ನೂ ಇಷ್ಟು ಕಾಲ ಇದ್ದಳೆಂಬ ಸಮಾಧಾನವನ್ನೂ ಒಟ್ಟಿಗೆ ಹೇಳಬೇಕಾದಾಗ ಸ್ತೋತ್ರವೇ ಬೇಕು. ಫೋನಿನಲ್ಲಿ ಅದನ್ನು ಎಷ್ಟೇ ಸವೆಸಿರಲಿ, ಆ ಹೊತ್ತಿಗೆ ಅದು ಕೈಕೊಡುವುದಿಲ್ಲ.